ಮನೆ ಆರೈಕೆ: ನಡೆದ ಅವಘಡವನ್ನು ಅಂದೇ ಬರೆದಿಡಿ

ಮಾನ್ಯರೆ,

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ವಯಸ್ಸಾದ ತಂದೆತಾಯಿಯನ್ನು ಹೋಂ ನರ್ಸ್ ನೋಡಿಕೊಳ್ಳುವ ಮನೆಗಳು ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಈಗ ಬೀದಿಗೆ ಒಂದೆರಡು ಸಿಗುತ್ತವೆ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿ ಮಂಚದಿಂದ ಬಿದ್ದರೆ ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ಡ್ಯೂಟಿ ಡಾಕ್ಟರ್ ಬಂದು ನೋಡುತ್ತಾರೆ. ಅದೇ ರೋಗಿ ಡಿಸ್ಚಾರ್ಜ್ ಆಗಿ ಮನೆಗೆ ಬಂದು ಬಚ್ಚಲಲ್ಲಿ ಜಾರಿದರೆ ಅದಕ್ಕೆ ದಾಖಲೆಯೇ ಇರುವುದಿಲ್ಲ. 'ಮಗನಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗ್ತಾನೆ' ಎಂದು ಅಜ್ಜಿಯೇ ಬಾಯಿ ಮುಚ್ಚಿಸುವುದುಂಟು. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೋಂ ನರ್ಸ್ ಸುಮ್ಮನಾಗುವುದೂ ಉಂಟು.

ಇದರಿಂದ ಪ್ರಾಣಕ್ಕೇ ಅಪಾಯ ಬರಬಹುದು. ವಯಸ್ಸಾದವರ ತಲೆಗೆ ಪೆಟ್ಟು ಬಿದ್ದರೆ ಮೆದುಳಿನ ಹೊರಪೊರೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ, ಮಂಕು, ತೂಕಡಿಕೆ, ಒಂದು ಕಡೆಯ ಕೈಕಾಲಿನ ನಿಶ್ಶಕ್ತಿ ಕೆಲವು ವಾರಗಳ ನಂತರ ಕಾಣಿಸಿಕೊಳ್ಳಬಹುದು. ಬಿದ್ದ ಸಂಗತಿ ಎಲ್ಲೂ ಬರೆದಿಲ್ಲದಿದ್ದರೆ ಮನೆಯವರು ಅದನ್ನು 'ವಯಸ್ಸಾಯ್ತು, ಅರಳುಮರಳು' ಎಂದುಕೊಂಡುಬಿಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ತೋರಿಸಬೇಕು. ಸೊಂಟ ನೋವು ಎನ್ನುತ್ತಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಕಂಕುಳಿಗೆ ಕೈಹಾಕಿ ಎಬ್ಬಿಸಬೇಡಿ. ಮಲಗಿದ್ದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ.

ಬರೆಯುವುದಕ್ಕೆ 40 ಪುಟದ ನೋಟ್‌ಬುಕ್ ಸಾಕು. ಆದರೆ 'ಬಾತ್‌ರೂಮಿನಲ್ಲಿ ಜಾರಿ ಬಿದ್ದರು' ಎಂಬ ಒಂದು ಸಾಲು ಸಾಲದು. ಉಪಯೋಗಕ್ಕೆ ಬರುವ ಬರಹ ಹೀಗಿರುತ್ತದೆ: 'ಬೆಳಗ್ಗೆ 5.40. ಮಂಚದಿಂದ ಬಚ್ಚಲಿಗೆ ಹೋಗುವಾಗ ಹೊಸ್ತಿಲ ಹತ್ತಿರ ಬಿದ್ದರು. ನಾನು ಅಡುಗೆಮನೆಯಲ್ಲಿದ್ದೆ, ಬಿದ್ದದ್ದು ನೋಡಲಿಲ್ಲ, ಶಬ್ದ ಕೇಳಿ ಬಂದೆ. ಬಲ ಮಗ್ಗುಲಾಗಿ ಬಿದ್ದಿದ್ದರು. ಎಚ್ಚರವಿತ್ತು, ಮಾತಾಡಿದರು. ತಲೆಗೆ ಪೆಟ್ಟಾಯಿತೋ ಇಲ್ಲವೋ ಗೊತ್ತಿಲ್ಲ. ಲೈಟ್ ಹಾಕಿರಲಿಲ್ಲ. ಬರಿಗಾಲು, ನೆಲ ಒದ್ದೆ. ರಾತ್ರಿ 10ಕ್ಕೆ ನಿದ್ದೆ ಮಾತ್ರೆ ಕೊಟ್ಟಿತ್ತು. 6ಕ್ಕೆ ಬಿಪಿ 100/60, ಶುಗರ್ 92. 6.10ಕ್ಕೆ ಮಗನಿಗೆ ಫೋನ್ ಮಾಡಿದೆ.' ಇದರಲ್ಲಿ 'ನೋಡಲಿಲ್ಲ', 'ಗೊತ್ತಿಲ್ಲ' ಎಂಬ ಮಾತುಗಳಿಗೆ ಬೆಲೆ ಹೆಚ್ಚು. ಕಣ್ಣಾರೆ ಕಾಣದ್ದನ್ನು ಊಹಿಸಿ ತುಂಬಿದರೆ ಡಾಕ್ಟರ್ ದಾರಿ ತಪ್ಪುತ್ತಾರೆ.

ಇಂಥ ಎರಡು ಮೂರು ಬರಹ ಸೇರಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ಎಲ್ಲ ಬೀಳುವಿಕೆಯೂ ನಸುಕಿನಲ್ಲೇ ಆಗಿದ್ದರೆ ನಿದ್ದೆ ಮಾತ್ರೆಯ ಮಂಪರಿರಬಹುದು, ಸಂಜೆ ಕೊಡುತ್ತಿರುವ ನೀರು ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಇರಬಹುದು. ಎದ್ದು ನಿಂತಾಗ ಬಿಪಿ ಕುಸಿಯುತ್ತಲೂ ಇರಬಹುದು. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಹೊತ್ತು ಬದಲಿಸುವುದು ಅವರ ಕೆಲಸ. ಹಳೇ ಮೈಸೂರು ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ನೀರು ಚೆಲ್ಲಿದರೆ ಕಣ್ಣಿಗೆ ಕಾಣುವುದಿಲ್ಲ ಎಂಬುದೂ ಇಂಥ ಬರಹದಿಂದಲೇ ಮನೆಯವರಿಗೆ ಹೊಳೆಯುತ್ತದೆ.

ಮಾತ್ರೆಯ ಎಡವಟ್ಟು ಇನ್ನೊಂದು. ಮೆಡಿಕಲ್ ಸ್ಟೋರಿನವರು ಅದೇ ಔಷಧವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಕೊಟ್ಟಿರುತ್ತಾರೆ. ಹಳೆಯ ಸ್ಟ್ರಿಪ್ಪೂ ಡಬ್ಬಿಯಲ್ಲಿರುತ್ತದೆ, ಎರಡನ್ನೂ ನುಂಗಿಸಿಬಿಡುತ್ತಾರೆ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯಾದರೆ ಶುಗರ್ ತೀರಾ ಇಳಿಯಬಹುದು, ಒಮ್ಮೆ ಸರಿಹೋದರೂ ಕೆಲವು ಗಂಟೆಗಳ ಬಳಿಕ ಮತ್ತೆ ಇಳಿಯಬಹುದು. ಆದ್ದರಿಂದ ತಪ್ಪು ಆದ ಹೊತ್ತು, ಮಾತ್ರೆಯ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂದು ಬರೆದು ಕೂಡಲೇ ಡಾಕ್ಟರಿಗೆ ಹೇಳಬೇಕು. ಶುಗರ್ 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು.

ಏನೂ ಆಗದೆ ತಪ್ಪಿಹೋದದ್ದನ್ನೂ ಬರೆಯಬೇಕು. ಲಕ್ವ ಹೊಡೆದವರು ಊಟದ ನಡುವೆ ಪದೇ ಪದೇ ಕೆಮ್ಮಿದರೆ, ಗಂಟಲು ಗೊರಗೊರ ಎಂದರೆ ಅದೂ ಅವಘಡವೇ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಗಂಟಲಿನ ಹಿಡಿತ ತಪ್ಪಿದವರಿಗೆ ಆ ಅಭ್ಯಾಸವೇ ಮುಳುವು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯ ತಪಾಸಣೆಯಿದೆ. ಬೆಡ್ ಸೋರ್ (ಮಲಗಿದ್ದಲ್ಲೇ ಮಲಗಿ ಆಗುವ ಹುಣ್ಣು) ಕೂಡ ಗುಳಿ ಬಿದ್ದ ದಿನ ಶುರುವಾದದ್ದಲ್ಲ. ಬೆನ್ನ ಬುಡ, ಹಿಮ್ಮಡಿ, ಸೊಂಟದ ಮೂಳೆಯ ಮೇಲಿನ ಕೆಂಪು, ಬೆರಳಿಂದ ಒತ್ತಿದಾಗ ಮಾಸದೆ ಹಾಗೇ ಉಳಿದರೆ ಅಂದೇ ಬರೆಯಿರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಮುಟ್ಟಿ ನೋಡಿದರೆ ಬಿಸಿಯೋ ಗಟ್ಟಿಯೋ ಅನ್ನಿಸುತ್ತದೆ. ಆ ಜಾಗವನ್ನು ತಿಕ್ಕಬಾರದು.

ಮಾತು ಬಾರದ ಅಂಗವಿಕಲರ ವಿಷಯದಲ್ಲಿ ಬರಹ ಇನ್ನೂ ಬಿಗಿಯಾಗಿರಬೇಕು. ಕಂದಿದ ಗಾಯ ಎಲ್ಲಿ, ಎಷ್ಟು ದೊಡ್ಡದು, ಯಾವ ಬಣ್ಣ. ಕೋಣೆಗೆ ಚಿಲಕ ಹಾಕಿದ್ದರೆ, ಮಂಚಕ್ಕೆ ಕಟ್ಟಿದ್ದರೆ ಎಷ್ಟು ಹೊತ್ತು, ಯಾಕೆ, ಯಾರು ಹೇಳಿದ್ದು. ಹೊಡೆಯುವವರು ಮನೆಯವರೇ ಆದರೆ ನೋಟ್‌ಬುಕ್ ಅವರ ಕೈಗೇ ಸಿಗುತ್ತದೆ, ಆಗ ದೂರು ಹೊರಗೆ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಂ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರಿಗೆ, ಮಾಹಿತಿ ಕೊಡಬಹುದು. ತಮ್ಮ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ತಪ್ಪಿಸುವವರಿಗೆ 92ನೇ ಕಲಂನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಜೈಲಿದೆ. ಹಿರಿಯರಿಗೆ ಸಹಾಯವಾಣಿ 14567, ತುರ್ತಿಗೆ 112.

ಆಸ್ಟ್ರೇಲಿಯಾದಲ್ಲಿ 2022ರ ಡಿಸೆಂಬರ್ 1ರಿಂದ ಹಿರಿಯರ ಮನೆ ಆರೈಕೆ ಸಂಸ್ಥೆಗಳೂ ಅತಿ ಗಂಭೀರ ಅವಘಡವನ್ನು 24 ಗಂಟೆಯೊಳಗೆ ಸರ್ಕಾರಿ ಆಯೋಗಕ್ಕೆ ತಿಳಿಸಲೇಬೇಕು. ಇಲ್ಲಿನ ಏಜೆನ್ಸಿ ಕರಾರಿನಲ್ಲಿ ಮುಂಗಡ, ರಜೆ, ಊಟ ಎಲ್ಲ ಇರುತ್ತದೆ, ಅವಘಡದ ಬಗ್ಗೆ ಒಂದು ಸಾಲಿರುವುದು ಅಪರೂಪ. 'ಅಂದೇ ತಿಳಿಸಿದವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದಿಲ್ಲ, ಸಂಬಳ ಮುರಿಯುವುದಿಲ್ಲ' ಎಂದು ಮನೆಯವರೇ ಕರಾರಿನಲ್ಲಿ ಬರೆಸಬೇಕು. ಅದಿಲ್ಲದೆ ಯಾವ ನೋಟ್‌ಬುಕ್ಕೂ ನಿಜ ಹೇಳುವುದಿಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎರಡೂ ವರ್ಗಕ್ಕೆ ಒಂದೇ ಆಗಿರುವುದರಿಂದ ಒಂದು ಪುಟದ ಕನ್ನಡ ನಮೂನೆ ಅಚ್ಚು ಹಾಕಿಸುವುದು ಕಷ್ಟವಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ನಗರದಲ್ಲಿ ಏಜೆನ್ಸಿಗಳು ಅದನ್ನು ಮನೆಗೆ ತಲುಪಿಸಲಿ. ತುಂಬಿದ ಹಾಳೆಯ ಒಂದು ಪ್ರತಿ ಜಿಲ್ಲಾ ಕಚೇರಿಗೆ ಬರಲಿ. ಮೈಸೂರು, ಮಂಡ್ಯ ಜಿಲ್ಲಾಡಳಿತಗಳು ಇದನ್ನು ಮೊದಲು ಒಂದೊಂದು ತಾಲ್ಲೂಕಿನಲ್ಲಿ ಮಾಡಿ ನೋಡಲಿ ಎಂಬುದು ನಮ್ಮ ಕೋರಿಕೆ.

– ಮನೆ ಆರೈಕೆಯಲ್ಲಿ ತೊಡಗಿರುವ ನರ್ಸ್‌ಗಳು ಮತ್ತು ಫಿಸಿಯೋಥೆರಪಿಸ್ಟರು, ಮೈಸೂರು