ಮಗಳಿಗೊಂದು ಪತ್ರ: ಒರಿಜಿನಲ್ ಕೊಡಬೇಡ

ಪುಟ್ಟಿ,

ನಾಳೆ ಬೆಳಗ್ಗೆ ಮಂಡ್ಯ ಸ್ಟೇಷನ್ನಿನಲ್ಲಿ ನಿನ್ನನ್ನು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿಸುವಾಗ ಇದೆಲ್ಲ ಬಾಯಿಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನಿನ್ನ ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ ಹಿಡಿದು ದನಿ ಏರಿಸಿದ್ದು ನನ್ನದೇ ತಪ್ಪು. ಆದರೆ ಆ ಸಾಲು ಇನ್ನೂ ಚುಚ್ಚುತ್ತಿದೆ: ಸೇರುವ ದಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒಪ್ಪಿಸಬೇಕು, 2 ವರ್ಷ ಬಿಡುವಂತಿಲ್ಲ.

ತೋರಿಸು, ಕೊಡಬೇಡ. ಸಹಿ ಹಾಕಿದ ಜೆರಾಕ್ಸ್ ಕೊಡು, ಒರಿಜಿನಲ್ ಅವರೆದುರೇ ತೋರಿಸಿ ಅಲ್ಲೇ ಕವರಿಗೆ ಹಾಕಿಕೋ. ಕೊಡಲೇಬೇಕೆಂದರೆ, ಆ ಮಾತನ್ನು ಮೇಲ್‌ನಲ್ಲಿ ಬರೆದು ಕಳಿಸಿ ಎನ್ನು. ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ನೋಟಿಸ್ ಪೀರಿಯಡ್ 90 ದಿನ ಇದೆ. ಹೊಸ ಕಂಪನಿ ಅಷ್ಟು ದಿನ ಕಾಯುವುದೇ ಕಷ್ಟ. ಅದರ ಮೇಲೆ ಮಾರ್ಕ್ಸ್ ಕಾರ್ಡೂ ಈ ಕಂಪನಿಯ ಬೀರುವಿನಲ್ಲಿದ್ದರೆ ಬಿಡಬೇಕೆಂದರೂ ಬಿಡಲಾಗದು.

ಸಂಬಳದ ಲೆಕ್ಕವನ್ನೂ ಕೇಳು. ವರ್ಷಕ್ಕೆ 6 ಲಕ್ಷ ಅಂದರೆ ತಿಂಗಳಿಗೆ 50,000 ಕೈಗೆ ಬರುವುದಿಲ್ಲ. ಬೇಸಿಕ್ 25,000. ಅದರ 12% ಎಂದರೆ 3,000 ಕಂಪನಿಯ ಪಾಲಿನ ಪಿಎಫ್, ಸುಮಾರು 1,200 ಗ್ರಾಚ್ಯುಟಿ, ಕೆಲಸ ನೋಡಿ ಆಮೇಲೆ ಕೊಡುವ ವೇರಿಯಬಲ್ 5,000. ಇವೆಲ್ಲ ಆ 50,000ದ ಒಳಗೇ ಸೇರಿವೆ. ಉಳಿದ 40,800ರಲ್ಲಿ ನಿನ್ನ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ 37,600. ಪಿಜಿ ಬಾಡಿಗೆ ಗೊತ್ತುಮಾಡುವಾಗ ಈ ಅಂಕಿ ಹಿಡಿದು ಗೊತ್ತುಮಾಡು.

ನಮ್ಮ ಮನೆಯಲ್ಲಿ ಕೋಡ್ ಬರೆದು ಸಂಪಾದಿಸುವ ಮೊದಲನೆಯವಳು ನೀನು. ಕಂಪನಿ ಸೇರುವುದರ ದೊಡ್ಡ ಲಾಭ ಕೋಡ್ ರಿವ್ಯೂ: ನೀನು ಬರೆದ ಪ್ರತಿ ಸಾಲನ್ನೂ ಸೀನಿಯರ್ ಓದುತ್ತಾರೆ. ಒಮ್ಮೆಗೆ 200 ಸಾಲು ಮೀರದಂತೆ ಕಳಿಸು. ಸಾವಿರ ಸಾಲು ಕಳಿಸಿದರೆ ಯಾರೂ ನಿಜವಾಗಿ ಓದುವುದಿಲ್ಲ, ತಪ್ಪು ನೇರ ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಸಿಸ್ಟಂಗೆ, ಹೋಗುತ್ತದೆ. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಬೇಡ, ಎಂದರೆ ಹೊಸ ಕೋಡನ್ನು ಅಲ್ಲಿಗೆ ಏರಿಸಬೇಡ. ಮಾಡಲೇಬೇಕಾದರೆ ಹಳೆಯ ವರ್ಷನ್‌ಗೆ ಹಿಂದಿರುಗುವ ದಾರಿ ಮೊದಲೇ ಬರೆದಿಟ್ಟುಕೋ. ಕಂಪನಿಯ ಕೋಡನ್ನು ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನ ನಿನ್ನ ಸ್ವಂತ ಖಾತೆಗೆ ಹಾಕಬೇಡ, ಅದೊಂದಕ್ಕೇ ಕೆಲಸ ಹೋಗಬಹುದು.

ಪ್ರಾಜೆಕ್ಟ್ ಕೊಡದೆ ಸ್ವಲ್ಪ ದಿನ ಬೆಂಚ್ ಮೇಲೆ ಕೂರಿಸಿದರೆ ಹೆದರಬೇಡ. ಹೆದರಬೇಕಾದ್ದು ಎರಡು ವರ್ಷ ಬರೀ ಟಿಕೆಟ್, ಅಂದರೆ ಬಳಕೆದಾರರ ದೂರು, ಮುಚ್ಚುವ ಸಪೋರ್ಟ್ ಕೆಲಸಕ್ಕೆ. ಆಗ ಡೆವಲಪರ್ ಅನುಭವ ಎಂದು ತೋರಿಸಲು ಏನೂ ಇರುವುದಿಲ್ಲ. ಬಿಡಬೇಕೆನಿಸುವುದು ಅಂಥ ಹೊತ್ತಿನಲ್ಲೇ, ಮಾರ್ಕ್ಸ್ ಕಾರ್ಡ್ ಬೇಕಾಗುವುದೂ ಆಗಲೇ. ಮತ್ತೆ ಅಲ್ಲಿಗೇ ಬಂದೆ, ಬೇಜಾರು ಮಾಡಿಕೊಳ್ಳಬೇಡ.

ನೀಲಿ ಫೈಲಿನಲ್ಲಿ ಹತ್ತು ಸೆಟ್ ಜೆರಾಕ್ಸ್ ಇವೆ. ಒರಿಜಿನಲ್ ಬಟ್ಟೆಯ ಅಡಿಯ ಕಂದು ಕವರಿನಲ್ಲಿದೆ. ಸಂಜೆ ಪಿಜಿಗೆ ಬಂದ ಮೇಲೆ ಆ ಕವರ್ ನಿನ್ನ ಹತ್ತಿರವೇ ಇದೆ ಅಂತ ಒಂದು ಮೆಸೇಜ್ ಹಾಕು.

ನಿನ್ನ ಅಪ್ಪ