ಡಬ್ಬಿ ಹಿಂದಿರುಗಿಸುವ ಮೊದಲು

ಅವ್ವ ನಿನ್ನೆ ತನ್ನ ಮನೆಗೆ ಹೋದಳು. ವಾಕರ್ ಬಿಟ್ಟು ಕೋಲು ಹಿಡಿದು, ಆಟೋದವನಿಗೆ ‘ತಗ್ಗು ನೋಡಿ ಹೊಡಿಯಪಾ’ ಅಂತ ತಾನೇ ತಾಕೀತು ಮಾಡಿ. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು 48 ದಿನ. ಅದರಲ್ಲಿ 39 ದಿನ ನಮ್ಮ ಮನೆಯಲ್ಲಿದ್ದಳು. ಒಂಬತ್ತು ವರ್ಷ ಈ ಹೊಸ್ತಿಲು ತುಳಿಯದಿದ್ದಾಕೆ. ಹಾಗಾಗಿ ನಾನು ನೆನೆಯಬೇಕಾದವರ ಪಟ್ಟಿ ಆಸ್ಪತ್ರೆಯಿಂದ ಶುರುವಾಗುವುದಿಲ್ಲ, ಬಹಳ ಹಿಂದಕ್ಕೆ ಹೋಗುತ್ತದೆ.

ನಮ್ಮದು ಬೆಟಗೇರಿಯ ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ನಿನವರು ಮುಂದೆ ನಮ್ಮ ಸೀಮೆಗೂ ಬಂದು ಶಾಲೆ ತೆರೆದಿದ್ದರು. ಅಜ್ಜಿ ಅಲ್ಲೇ ಕಲಿತದ್ದು. ನನಗೆ ಎಂಟು ವರ್ಷವಾದಾಗ, 1998ರಲ್ಲಿ, ಅಪ್ಪ ಆ ಚರ್ಚು ಬಿಟ್ಟು ಹುಬ್ಬಳ್ಳಿಯ ಒಂದು ಸ್ವತಂತ್ರ ಸಭೆ ಸೇರಿದರು. ಕೂಸಿದ್ದಾಗ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಅಂತ ಅಪ್ಪ, ಅವ್ವ ಮತ್ತೆ ನೀರಲ್ಲಿ ಮುಳುಗಿ ಎದ್ದರು. ಅವ್ವನ ತಾಳಿ, ಬಳೆ, ನನ್ನ ಕಿವಿಯೋಲೆ ಹೋದವು. ಟಿವಿ ಹೋಯಿತು. ಅಜ್ಜಿ ಕೂಡ ‘ರಕ್ಷಣೆ ಹೊಂದದವಳು’ ಆದಳು. ದಸರೆಗೆ ಓಣಿಯ ಹುಡುಗರು ಬನ್ನಿ ಕೊಡಲು ಬಂದರೆ ಅವ್ವ ಕದ ಹಾಕಿ, ‘ಸಪ್ಪಳ ಮಾಡಬ್ಯಾಡ್ರಿ’ ಅನ್ನುತ್ತಿದ್ದಳು. ಶಾಲೆಯಿಂದ ಬಂದಾಗ ಮನೆಗೆ ಬೀಗವಿದ್ದರೆ, ಸಭೆಯಲ್ಲಿ ಹೇಳುತ್ತಿದ್ದಂತೆ ಕರ್ತನಾದ ಯೇಸು ಬಂದು ನಂಬಿದವರನ್ನೆಲ್ಲ ಪರಲೋಕಕ್ಕೆ ಎತ್ತಿಕೊಂಡು ಹೋದ, ನಾನೊಬ್ಬಳೇ ಉಳಿದೆ ಅಂತ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅವ್ವ ಹಿಟ್ಟಿನ ಗಿರಣಿಗೆ ಹೋಗಿರುತ್ತಿದ್ದಳು, ಅಷ್ಟೇ.

ನಂಬಿಕೆ ಹೇಗೆ ಕಳಚಿತು ಅನ್ನುವುದು ಉದ್ದದ ಕತೆ, ಇಲ್ಲಿ ಬೇಡ. 2016ರಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿದಾಗ ಎಲ್ಲ ಬಯಲಾಯಿತು. ಆ ಕಾಯ್ದೆಯ ನೋಟಿಸು 30 ದಿನ ಕಚೇರಿಯ ಫಲಕದ ಮೇಲಿರುತ್ತದೆ. ಯಾರೋ ಓದಿ ಪಾಸ್ಟರಿಗೆ ಮುಟ್ಟಿಸಿದರು. ಅವಿಶ್ವಾಸಿಯೊಂದಿಗೆ ಇಜ್ಜೋಡಾದವಳು, ಅಂದರೆ ನಂಬಿಕೆಯ ಹೊರಗಿನವನನ್ನು ಕಟ್ಟಿಕೊಂಡವಳು, ಅಂತ ಕರ್ತನ ಭೋಜನದ ಭಾನುವಾರ ನನ್ನ ಹೆಸರು ಓದಿದರು. ಅಂಥವರ ಸಂಗಡ ಊಟವೂ ಸಲ್ಲದು ಎಂಬ ಕೊರಿಂಥದವರ ಪತ್ರಿಕೆಯ ಮಾತನ್ನು ಅಪ್ಪ ತಪ್ಪದೆ ಪಾಲಿಸಿದರು. ಬಾಲ್ಯದ ಗೆಳತಿಯರ ಫೋನು ಒಂದೇ ವಾರದಲ್ಲಿ ನಿಂತಿತು. ದೇವರ ವಿಷಯ ಹೇಗೋ ಸುಧಾರಿಸಿಕೊಂಡೆ. ಭಾನುವಾರ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ತಿಳಿಯದೆ ಎರಡು ವರ್ಷ ಒದ್ದಾಡಿದೆ.

ಆ ಮದುವೆಗೆ ಮೂವರು ಸಾಕ್ಷಿಗಳು ಬೇಕಿತ್ತು. ಹಾಸ್ಟೆಲಿನ ಇಬ್ಬರು ಗೆಳತಿಯರು ಕೆಲಸಕ್ಕೆ ರಜೆ ಹಾಕಿ ಬಂದರು. ಮೂರನೆಯವಳು 78 ವರ್ಷದ ಅಜ್ಜಿ, ಬೆಟಗೇರಿಯಿಂದ ಬಸ್ಸು ಹಿಡಿದು. ಗುಮಾಸ್ತರು ಇಂಕ್ ಪ್ಯಾಡ್ ಮುಂದೆ ಸರಿಸಿದರೆ, ‘ಹೆಬ್ಬೆಟ್ಟು ಯಾಕ್ರಿ? ಮಿಶನ್ ಸಾಲ್ಯಾಗ ಕಲ್ತಾಕಿ ನಾ’ ಅಂತ ಪೆನ್ನು ಇಸಿದುಕೊಂಡು ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದಳು. ಈಗ ಅವಳಿಲ್ಲ. ಇದ್ದಾಗ ಥ್ಯಾಂಕ್ಸ್ ಅಂದಿದ್ದರೆ ಬೈಯುತ್ತಿದ್ದಳು.

ನಮ್ಮ ಹಳೇ ಓಣಿಯ ಟೇಲರ್ ಅಣ್ಣಾ, ನಿಮಗೆ. ಗುರುವಾರದ ಹೆಂಗಸರ ಪ್ರಾರ್ಥನೆ ಮುಗಿಸಿ ಅವ್ವ ನಿಮ್ಮ ಫೋನಿನಿಂದ ನನಗೆ ಕರೆ ಮಾಡುತ್ತಿದ್ದಳು. ‘ಊಟಾತೇನ?’ ಅಂತ ಕೇಳಿ ಇಟ್ಟುಬಿಡುತ್ತಿದ್ದಳು, ಅರ್ಧ ನಿಮಿಷವೂ ಇಲ್ಲ. ಮೂರು ವರ್ಷ ನೀವು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

2019ರಲ್ಲಿ ಅಪ್ಪ ತೀರಿಕೊಂಡರು. ಸ್ಮಶಾನದ ಗೇಟಿನ ಹತ್ತಿರ ನಾನು ಮಳೆಯಲ್ಲಿ ನಿಂತಿದ್ದೆ. ಸಭೆಯ ಒಬ್ಬ ಹಿರಿಯ ಸಿಸ್ಟರ್ ಬಂದು ಪಕ್ಕದಲ್ಲಿ ನಿಂತು ಕೊಡೆಯನ್ನು ನನ್ನ ಕಡೆ ವಾಲಿಸಿದರು. ಒಂದು ಮಾತೂ ಆಡಲಿಲ್ಲ; ಆಡುವಂತೆಯೂ ಇರಲಿಲ್ಲ. ಈ ಸಲ ಅವ್ವನಿಗೆಂದು ಮೊದಲ ದಿನ ಗಂಜಿ ತಂದದ್ದು ಅವರೇ. ಆಮೇಲೆ ಸಭೆಯ ಹೆಂಗಸರು ಪಾಳಿ ಹಾಕಿಕೊಂಡು ಬಂದರು. ನಮ್ಮ ಪಡಸಾಲೆಯಲ್ಲಿ ಕೂತು ಪ್ರಾರ್ಥಿಸಿದರು, ನನ್ನ ಗಂಡನ ಮನೆದೇವರ ಫೋಟೋದ ಕೆಳಗೇ. ನಾನು ಒಳಗೆ ಚಹಾ ಕಾಸುತ್ತಿದ್ದೆ. ಮೊದಲ ವಾರ ಯಾರೂ ಕುಡಿಯಲಿಲ್ಲ, ಚಹಾ ತಣ್ಣಗಾಯಿತು. ಎರಡನೇ ವಾರ ಆ ಸಿಸ್ಟರ್ ಕುಡಿದರು. ಮೂರನೇ ವಾರ ಒಬ್ಬರು ಸಕ್ಕರೆ ಕಡಿಮೆ ಅಂದರು!

ಪ್ರಾರ್ಥನೆಯಲ್ಲಿ ‘ತಪ್ಪಿಹೋದ ಕುರಿ’ ಅಂದಾಗ ಯಾರ ಬಗ್ಗೆ ಅಂತ ನನಗೆ ಗೊತ್ತಿತ್ತು. ಸಿಟ್ಟು ಬಂತು. ಎರಡು ಗಂಟೆಯ ಮೊದಲು ಅವ್ವನ ಬೆನ್ನೊರೆಸಿ ಹಾಸಿಗೆ ಬದಲಿಸಿದ್ದವರೂ ಅವರೇ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ನನಗಿನ್ನೂ ಬಗೆಹರಿದಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಸಭೆ ಬಿಟ್ಟವಳು ಅಂತ ತಿಳಿದ ಮೇಲೆ ಸಭೆಯ ವಿರುದ್ಧ ಮಾತಾಡಲು ನನ್ನನ್ನು ವೇದಿಕೆಗೆ ಕರೆದವರಿದ್ದಾರೆ. ಬರುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಅಪ್ಪ ನಮ್ಮ ಸಭೆಯ ಬಾಗಿಲಲ್ಲಿ ಟಾರ್ಚು ಹಿಡಿದು ರಾತ್ರಿಯಿಡೀ ಕೂತಿದ್ದರು. ನನ್ನ ಜಗಳ ನನ್ನ ಮನೆಯದು. ಅದು ಯಾರ ಕೈಗೂ ಕೋಲಾಗಬಾರದು.

ರಕ್ತ ಕೊಟ್ಟ ಮೂವರಿಗೆ, ರಾತ್ರಿ ಆಸ್ಪತ್ರೆಯಲ್ಲಿ ಉಳಿದ ನಾದಿನಿಗೆ, ವಾರಕ್ಕೆರಡು ಸಲ ಮೂರು ಮಹಡಿ ಹತ್ತಿ ಬಂದು ಅವ್ವನನ್ನು ನಡೆಸಿದ ಫಿಸಿಯೋ ಹುಡುಗಿಗೆ ಋಣಿ. ನನ್ನ ಗಂಡ ದಿನಾ ಅತ್ತೆಗೆ ಸತ್ಯವೇದ ಓದಿ ಹೇಳಿದ, ಕನ್ನಡಕ ಒಡೆದಿತ್ತು ಅಂತ. ‘ಒತ್ತಕ್ಷರ ನುಂಗಬ್ಯಾಡೋ’ ಅಂತ ಅವಳಿಂದ ಬೈಸಿಕೊಂಡ. ನನ್ನ ಕನ್ನಡವೂ ಆ ಪುಸ್ತಕದ್ದೇ. ಬೆಳಗಿನ ಐದು ಗಂಟೆಯ ಕುಟುಂಬ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿಸಿದ್ದರಿಂದಲೇ ನಾನು ಇವತ್ತು ಪ್ರೂಫ್ ತಿದ್ದಿ ಉಣ್ಣುತ್ತಿದ್ದೇನೆ. ಸಭೆಗೆ ಅದಕ್ಕೂ ಒಂದು ನಮಸ್ಕಾರ.

ದಸರೆಯ ಸಂಜೆ ಕೆಳಮನೆಯ ಹುಡುಗ ಬನ್ನಿ ತಂದ. ನಾನು ಅಡುಗೆಮನೆಯಲ್ಲಿದ್ದೆ. ಮಲಗಿದ್ದಲ್ಲಿಂದಲೇ ಅವ್ವ ಕೂಗಿದಳು: ‘ಹುಡುಗ ನಿಂತಾನ ನೋಡ, ಬಾಗಲಾ ತಗಿ.’ ತಾನು ಮುಟ್ಟಲಿಲ್ಲ. ನಾನು ಇಸಿದುಕೊಳ್ಳುವುದನ್ನು ನೋಡುತ್ತಿದ್ದಳು, ಹುಡುಗನಿಗೆ ಬಿಸ್ಕೀಟು ಕೊಡು ಅಂದಳು.

ನಾಲ್ಕು ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿವೆ. ಒಂದರ ಮೇಲೆ ‘ರೆ’ ಅಂತ ಕೊರೆದಿದೆ, ಒಂದಕ್ಕೆ ಮುಚ್ಚಳ ಬೇರೆಯದು. ಯಾರದ್ದೆಂದು ತಿಳಿಸಿ. ಖಾಲಿ ಡಬ್ಬಿ ಕೊಡಬಾರದಂತೆ, ಅವ್ವ ಹೇಳಿ ಹೋಗಿದ್ದಾಳೆ. ಶನಿವಾರ ಶೇಂಗಾ ಉಂಡಿ ಕಟ್ಟುತ್ತೇನೆ.