ಜಿಪಿಎಸ್ ಕೆಟ್ಟಿಲ್ಲ, ಅದರ ಸಾಲು ಓದುವುದನ್ನು ಕಲಿಸಿ

ಸಂಪಾದಕರೇ, ನಮಸ್ಕಾರ.

ಡಿಪ್ಲೊಮಾ, ಬಿಇ ಹುಡುಗರು ಮಾಡುವ ಕೊನೆ ವರ್ಷದ ಪ್ರಾಜೆಕ್ಟುಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕಬ್ಬಿನ ಲಾರಿ ಎಲ್ಲಿದೆ ಅಂತ ತೋರಿಸುವ ಯಂತ್ರ, ಸ್ಕೂಲ್ ಬಸ್ಸಿನ ಟ್ರ್ಯಾಕರ್, ಹೀಗೆ. ಓದಿ ಖುಷಿಯಾಗುತ್ತದೆ. ಆದರೆ ಅರ್ಧಕ್ಕೇ ನಿಂತ ಪ್ರಾಜೆಕ್ಟುಗಳೂ ಇವೆ. ಜಿಪಿಎಸ್ ಮಾಡ್ಯೂಲ್‌ನಿಂದ ಏನೂ ಬರ್ತಿಲ್ಲ, ಕೆಟ್ಟಿದೆ ಅಂತ ಅದನ್ನು ಎಸೆದು, ಅಪ್ಪ ಅಮ್ಮನ ದುಡ್ಡಲ್ಲಿ ಇನ್ನೊಂದು ತರುತ್ತಾರೆ, ಅದೂ ಹಾಗೇ ಆಗುತ್ತದೆ. ಮಂಡ್ಯದಲ್ಲಿ ಬಿಡುವಿದ್ದಾಗ ಇಂಥ ಹುಡುಗರಿಗೆ ಸಹಾಯ ಮಾಡುತ್ತೇನೆ. ನಾನು ನೋಡಿದ ಮಟ್ಟಿಗೆ ಮಾಡ್ಯೂಲ್ ನಿಜವಾಗಿ ಕೆಟ್ಟಿರುವುದು ಅಪರೂಪ. ಸೀರಿಯಲ್ ಸಂಪರ್ಕ (ಒಂದು ತಂತಿಯಲ್ಲಿ ಒಂದಾದ ಮೇಲೊಂದು ಬಿಟ್ ಕಳಿಸುವ ಕ್ರಮ) ಅಂದರೆ ಏನು ಅಂತಲೇ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಷ್ಟದ ವಿದ್ಯೆಯೇನಲ್ಲ. ರಿಸೀವರ್‌ನ, ಅಂದರೆ ಜಿಪಿಎಸ್ ಮಾಡ್ಯೂಲ್‌ನ, ಟಿಎಕ್ಸ್ (ಕಳಿಸುವ) ತಂತಿ ನಮ್ಮ ಬೋರ್ಡಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್ನಿಗೆ) ಹೋಗಬೇಕು, ಅದರ ಆರ್‌ಎಕ್ಸ್ ನಮ್ಮ ಟಿಎಕ್ಸ್‌ಗೆ, ಗ್ರೌಂಡ್ ಎರಡಕ್ಕೂ ಒಂದೇ. ಆರ್ಡುಯಿನೊ ಉನೊ ಅನ್ನುವ ಬೋರ್ಡಿನಲ್ಲಿ 0 ಮತ್ತು 1ನೇ ಪಿನ್ನುಗಳನ್ನು ಯುಎಸ್‌ಬಿಯೂ ಬಳಸುತ್ತದೆ, ಅಲ್ಲಿಗೆ ಸಿಕ್ಕಿಸಬಾರದು. ಹಳೆಯ ರಿಸೀವರ್‌ಗಳದ್ದು ಆರ್‌ಎಸ್-232 ಅನ್ನುವ ಹಳೆಯ ಸೀರಿಯಲ್ ಪದ್ಧತಿ. ಅದರ ವೋಲ್ಟೇಜ್ ಪ್ಲಸ್ಸಿಗೂ ಹೋಗುತ್ತದೆ, ಮೈನಸ್ಸಿಗೂ ಹೋಗುತ್ತದೆ. ಅದನ್ನು ನೇರವಾಗಿ ಬೋರ್ಡಿಗೆ ಕೊಟ್ಟರೆ ಬೋರ್ಡೇ ಸುಟ್ಟುಹೋಗಬಹುದು, ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಥರದ ಚಿಪ್ ಇರಲೇಬೇಕು.

ಆಮೇಲೆ ವೇಗ, ಅದು ಎರಡೂ ಕಡೆ ಒಂದೇ ಇರಬೇಕು. ಜಿಪಿಎಸ್ ತನ್ನ ಮಾಹಿತಿಯನ್ನು ಸಾಲು ಸಾಲಾಗಿ ಕಳಿಸುವ ಎನ್‌ಎಂಇಎ 0183 ಪದ್ಧತಿಯ ಮೂಲ ವೇಗ 4800 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), 8 ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್. ಹುಡುಗರು ಜಾಸ್ತಿ ತರುವ ನಿಯೋ-6ಎಂ ಮಾಡ್ಯೂಲ್ ಮಾತ್ರ 9600ರಲ್ಲಿ ಕಳಿಸುತ್ತದೆ.

ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯ ಬಗ್ಗೆ. ಎಲ್ಲರೂ ಎಲ್ಲಿಂದಲೋ ಕಾಪಿ ಮಾಡಿದ ಕೋಡ್ ಹಾಕಿ ಮ್ಯಾಪ್ ಬರಲಿ ಅಂತ ಕಾಯುತ್ತಾರೆ. ಅದಕ್ಕೂ ಮೊದಲು ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಟರ್ಮಿನಲ್ (ಬಂದ ಅಕ್ಷರಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆದು ಸುಮ್ನೆ ನೋಡಬೇಕು. ಏನೂ ಬರದಿದ್ದರೆ ತಂತಿಯನ್ನೋ ಪೋರ್ಟನ್ನೋ ನೋಡಿ. ಗಜಿಬಿಜಿ ಅಕ್ಷರ ಬಂದರೆ ವೇಗ ತಪ್ಪಿದೆ. ಡಾಲರ್ ಚಿಹ್ನೆಯಿಂದ ಶುರುವಾಗಿ ಮುಂದೆ ಬರೀ ಕಾಮಾಗಳೇ ಇರುವ ಸಾಲು ಬಂದರೆ ಸಂಪರ್ಕ ಸರಿಯಾಗಿದೆ, ಉಪಗ್ರಹ ಇನ್ನೂ ಸಿಕ್ಕಿಲ್ಲ ಅಷ್ಟೇ. ಪಾಪ, ಈ ಸಾಲು ನೋಡಿಯೇ ಎಷ್ಟೋ ಹುಡುಗರು ಮಾಡ್ಯೂಲ್ ಹೋಯ್ತು ಅಂದುಕೊಳ್ಳುತ್ತಾರೆ. ಆರ್‌ಸಿಸಿ ಕಟ್ಟಡದೊಳಗಿನ ಲ್ಯಾಬಲ್ಲಿ ಕೂತರೆ ಸಿಗ್ನಲ್ ಎಲ್ಲಿಂದ ಬರಬೇಕು? ತಾರಸಿಗೆ ಹೋಗಿ ಕೆಲವು ನಿಮಿಷ ಕಾಯಿರಿ. ಜಾಗ, ಸಮಯ ಹೇಳುವ ಆರ್‌ಎಂಸಿ ಸಾಲಿನಲ್ಲಿ 'ವಿ' ಇದ್ದದ್ದು 'ಎ' ಆದರೆ ಜಾಗ ಸಿಕ್ಕಿತು ಅಂತ ಅರ್ಥ.

ಅಲ್ಲಿಗೂ ಮುಗಿಯಲಿಲ್ಲ. ಮಂಡ್ಯದಲ್ಲಿ ಅಕ್ಷಾಂಶ 1231, ರೇಖಾಂಶ 07654 ಅಂತ ಶುರುವಾಗುತ್ತದೆ. ಅಂದರೆ 12 ಡಿಗ್ರಿ 31 ನಿಮಿಷ, 76 ಡಿಗ್ರಿ 54 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿದರೆ 12.52, 76.90 ಬರುತ್ತದೆ. ಭಾಗಿಸದೆ 12.31, 76.54 ಅಂತ ಹಾಕಿದರೆ ಮಂಡ್ಯದಲ್ಲಿ ನಿಂತ ಲಾರಿ ಮ್ಯಾಪ್‌ನಲ್ಲಿ ಮೈಸೂರನ್ನೂ ದಾಟಿ ಹುಣಸೂರು ರಸ್ತೆ ಕಡೆ ಕಾಣಿಸುತ್ತದೆ. ಸಮಯವೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿರುತ್ತದೆ, ನಮ್ಮ ಸಮಯಕ್ಕೆ ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು.

ನಮ್ಮ ಮೈಸೂರು, ಮಂಡ್ಯದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ, ಪ್ರಾಜೆಕ್ಟ್ ಶುರುವಾಗುವ ಮೊದಲು ಇದಕ್ಕೆ ಒಂದು ಲ್ಯಾಬ್ ಕ್ಲಾಸ್ ಕೊಡಿ, ಕೋಡ್ ಇಲ್ಲದೆ, ಟರ್ಮಿನಲ್ ಮಾತ್ರ. ಮಾಡ್ಯೂಲ್ ಮಾರುವ ಅಂಗಡಿಯವರು ಯಾವ ತಂತಿ ಎಲ್ಲಿಗೆ, ವೇಗ ಎಷ್ಟು ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಟ್ಟುಕೊಟ್ಟರೂ ಆಗುತ್ತದೆ. ಬರೆದುಕೊಡಲು ನಾನು ತಯಾರಿದ್ದೇನೆ.

– ಒಬ್ಬ ಓದುಗ, ಮಂಡ್ಯ